ಪೆಂಡಾಲಿನ ಪರವಾನಗಿ

ದಾವಣಗೆರೆ ಸೀಮೆಯಲ್ಲಿ ಸಾರ್ವಜನಿಕ ಕಾರ್ಯವೊಂದಕ್ಕೆ ಹಣ ಕೂಡಿಸಬೇಕಾದಾಗ ಹಿಂದಿನವರಿಗೆ ಮೊದಲು ನೆನಪಾಗುತ್ತಿದ್ದುದು ನಾಟಕ. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ತವರಲ್ಲವೆ ಇದು! ಶಾಲೆಗೊಂದು ಕೊಠಡಿ, ಗುಡಿಗೊಂದು ಪೌಳಿ, ಕಾಯಿಲೆ ಬಿದ್ದ ಕಲಾವಿದನಿಗೆ ಔಷಧದ ವೆಚ್ಚ, ಹೀಗೆ ಯಾವುದಾದರೊಂದು ನೆಪಕ್ಕೆ ‘ಸಹಾಯಾರ್ಥ ಪ್ರದರ್ಶನ’ ಏರ್ಪಡುತ್ತಿತ್ತು. ಈಗ ಅದರ ಜೊತೆಗೆ ಸಂಗೀತ ಸಂಜೆ, ರಕ್ತದಾನ ಶಿಬಿರ, ಸಾಮೂಹಿಕ ವಿವಾಹಗಳೂ ಸೇರಿವೆ. ಆದರೆ ಇವನ್ನು ನಡೆಸಹೊರಟವರ ಉತ್ಸಾಹ ಬಹುಮಟ್ಟಿಗೆ ಒಂದೇ ಜಾಗದಲ್ಲಿ ಉಡುಗುತ್ತದೆ: ಪರವಾನಗಿ ಯಾರನ್ನು ಕೇಳಬೇಕು?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಆವರಗೆರೆ ಒಂದು ಕಾಲಕ್ಕೆ ದಾವಣಗೆರೆಯ ಹೊರಗಿನ ಹಳ್ಳಿ. ಊರು ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿನ ತರುಣರು ನೆರೆಮನೆಯ ಹುಡುಗನ ಶಸ್ತ್ರಚಿಕಿತ್ಸೆಗಾಗಿ ಒಂದು ರಾತ್ರಿಯ ನಾಟಕವಾಡಿಸಬೇಕೆಂದು ನಿಶ್ಚಯಿಸಿದ್ದಾರೆ. ಹಳ್ಳಿಯ ದಿನಗಳಲ್ಲಾಗಿದ್ದರೆ ಗೌಡರ ಕಿವಿಗೆ ಒಂದು ಮಾತು ಹಾಕಿದ್ದರೆ ತೀರುತ್ತಿತ್ತು. ಈಗ ಹಾಗಲ್ಲ. ಮೊದಲು ನೆಲದ ಒಡೆಯರು ಯಾರೆಂದು ನೋಡಬೇಕು. ರಸ್ತೆ ಅಥವಾ ಪಾಲಿಕೆಯ ಬಯಲಾದರೆ ಮಹಾನಗರ ಪಾಲಿಕೆ. ಶಾಲೆಯ ಮೈದಾನವಾದರೆ ಶಾಲೆಯ ಆಡಳಿತ. ಖಾಸಗಿ ಹೊಲವಾದರೆ ಅದರ ಯಜಮಾನನ ಒಪ್ಪಿಗೆ ಪತ್ರ. ಆಮೇಲೆ ಪೊಲೀಸ್ ಠಾಣೆ. ದೀಪಕ್ಕೆ ಬೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ. ಪೆಂಡಾಲು ದೊಡ್ಡದಾದರೆ ಅಗ್ನಿಶಾಮಕ ಇಲಾಖೆಯ ಅಭಿಪ್ರಾಯ. ಊಟವುಂಟೆಂದರೆ ಅಡುಗೆಯವರ ನೋಂದಣಿ. ಸಭೆ ಸಮಾರಂಭಗಳಲ್ಲಿ ಆಹಾರ ಹಂಚುವವರನ್ನೂ ಆಹಾರ ಸುರಕ್ಷತೆಯ ನಿಯಮಗಳು ಬಿಟ್ಟಿಲ್ಲ.

ಹತ್ತು ಮೈಲಿಯೂ ಇಲ್ಲದ ಹರಿಹರಕ್ಕೆ ಹೋದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅಲ್ಲಿರುವುದು ನಗರಸಭೆ, ಅದನ್ನು ಆಳುವುದು 1964ರ ಪುರಸಭೆಗಳ ಕಾಯಿದೆ. ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ ಗಾಯನಗೋಷ್ಠಿ ಏರ್ಪಡಿಸಿದರೆ ಎಷ್ಟು ಚೆನ್ನ ಎಂದು ರಸಿಕರಿಗೆ ಅನ್ನಿಸುವುದು ಸಹಜವೇ. ಆದರೆ 13ನೆಯ ಶತಮಾನದ ಆ ಹೊಯ್ಸಳ ಗುಡಿ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿದೆ. ಅಂಥ ಸ್ಮಾರಕಗಳಲ್ಲಿ ನಡೆದುಬಂದ ಪೂಜೆ ಪದ್ಧತಿಗಳಿಗೆ ಅಡ್ಡಿಯಿಲ್ಲ. ಸಭೆ, ಸತ್ಕಾರ, ಮನರಂಜನೆಗಳಿಗೆ ಮಾತ್ರ 1959ರ ನಿಯಮಗಳಂತೆ ಕೇಂದ್ರದ ಅನುಮತಿ ಬೇಕು. ನಗರಸಭೆಯ ಚೀಟಿ ಅಲ್ಲಿ ಸಾಲದು.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಧ್ವನಿವರ್ಧಕದಿಂದ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣಗಳ ಹೊರತು ಎಲ್ಲಿಯೂ ಕೂಡದು. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕುಂಟು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರುಗಳಷ್ಟು ನಿಶ್ಶಬ್ದ ವಲಯ. ಕಾಲೇಜು ಆಸ್ಪತ್ರೆಗಳೇ ತುಂಬಿರುವ ದಾವಣಗೆರೆಯಲ್ಲಿ ಈ ನೂರು ಮೀಟರು ತಪ್ಪಿಸಿಕೊಂಡ ಜಾಗವನ್ನು ಹುಡುಕುವುದೇ ಒಂದು ಕೆಲಸ. ಕೋಳಿ ಕೂಗುವ ತನಕ ಬಯಲಾಟ ನೋಡಿ ಬೆಳೆದವರಿಗೆ ಇದು ಕಹಿ ಎನಿಸೀತು. ಆದರೂ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವನು ನಮ್ಮ ನಾಟಕಕ್ಕೆ ಟಿಕೆಟ್ಟು ಕೊಂಡಿಲ್ಲ ಎಂಬುದನ್ನು ಒಪ್ಪಲೇಬೇಕು.

ಇಷ್ಟೆಲ್ಲ ಕೇಳಿದ ಮೇಲೆ, ಗುಂಪು ಸೇರುವುದೇ ಸರ್ಕಾರ ದಯಪಾಲಿಸುವ ಕೃಪೆಯೇನೊ ಎಂಬ ಭಾವನೆ ಬರಬಹುದು. ಕಾನೂನು ಹಾಗೆ ಹೇಳುವುದಿಲ್ಲ. ನಿರಾಯುಧರಾಗಿ ಶಾಂತಿಯಿಂದ ಸಭೆ ಸೇರುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು. ಅಹಮದಾಬಾದಿನಲ್ಲಿ ಬೀದಿಯ ಸಭೆಗೆ ಅನುಮತಿ ದೊರೆಯದೆ ಹಿಮತ್‌ಲಾಲ್ ಶಾ ಎಂಬವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ತೀರ್ಪಿತ್ತಿತು: ಸಭೆಯ ಹೊತ್ತು, ಜಾಗ, ರೀತಿಗಳನ್ನು ಸರ್ಕಾರ ಕ್ರಮಪಡಿಸಬಹುದು, ಬೀದಿಯಲ್ಲಿ ಸಭೆಯೇ ಬೇಡವೆನ್ನುವಂತಿಲ್ಲ, ಯಾವ ಕಾರಣಕ್ಕೆ ನಿರಾಕರಿಸಬೇಕೆಂಬ ಮಾರ್ಗದರ್ಶನವೇ ಇಲ್ಲದೆ ಅಧಿಕಾರಿಯ ಕೈಗೆ ಪೂರ್ಣಾಧಿಕಾರ ಕೊಡುವಂತಿಲ್ಲ. ನಮ್ಮ ನಾಡಿನಲ್ಲೇ 2025ರ ಅಕ್ಟೋಬರಿನಲ್ಲಿ, ಸರ್ಕಾರಿ ಜಾಗಗಳಲ್ಲಿ ಹತ್ತಕ್ಕಿಂತ ಹೆಚ್ಚು ಜನ ಅನುಮತಿಯಿಲ್ಲದೆ ಸೇರುವುದನ್ನು ನಿರ್ಬಂಧಿಸಿದ ಆದೇಶವೊಂದು ಹೊರಟಿತು. ಹುಬ್ಬಳ್ಳಿಯ ಸೇವಾಸಂಸ್ಥೆಯೊಂದು ಉಚ್ಚ ನ್ಯಾಯಾಲಯದ ಧಾರವಾಡ ಪೀಠದ ಮೆಟ್ಟಿಲೇರಿತು. ಆ ತಿಂಗಳು ಮುಗಿಯುವುದರೊಳಗೆ ಪೀಠ ಅದಕ್ಕೆ ಮಧ್ಯಂತರ ತಡೆಯಾಜ್ಞೆ ನೀಡಿತು.

ಹಾಗಾದರೆ ಅರ್ಜಿಯ ಗೊಡವೆಯೇ ಬೇಡವೆ? ಅದಕ್ಕೂ ಉತ್ತರ ನಮ್ಮ ರಾಜಧಾನಿಯಲ್ಲೇ ಇದೆ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿತ್ತು. 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ವಿಜಯೋತ್ಸವಕ್ಕೆ ನೆರೆದ ಜನಸಾಗರದಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಪ್ರಾಣ ಬಿಟ್ಟರು. ಎಷ್ಟು ಜನ ಬರುತ್ತಾರೆ, ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿನಿಂದ ಹೊರಡುತ್ತಾರೆ, ಅನಾಹುತವಾದರೆ ಯಾರನ್ನು ಕೂಗಬೇಕು ಎಂಬ ಪ್ರಶ್ನೆಗಳಿಗೆ ಮೊದಲೇ ಯಾರೋ ಒಬ್ಬರು ಕಾಗದದ ಮೇಲೆ ಉತ್ತರ ಬರೆದು ರುಜು ಹಾಕಿರಬೇಕು. ಪರವಾನಗಿ ಎಂದರೆ ಇಷ್ಟೇ ಎಂದು ನಾನು ತಿಳಿದಿದ್ದೇನೆ: ಹೊಣೆ ಹೊತ್ತವನ ಹೆಸರು. ಆ ವರ್ಷವೇ ಜನಸಂದಣಿ ನಿಯಂತ್ರಣದ ಮಸೂದೆಯೊಂದು ವಿಧಾನಮಂಡಲದ ಮುಂದೆ ಬಂದಿತು. ಮೊಹಲ್ಲಾದ ಮೂವತ್ತು ಜನರ ಸಭೆಯನ್ನೂ ಮೂವತ್ತು ಸಾವಿರ ಜನರ ಜಾತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬಸವಳಿಯುವವರು ಮೂವತ್ತು ಜನರೇ. ದೊಡ್ಡವರಿಗೆ ಓಡಾಡಲು ಆಳುಗಳಿರುತ್ತಾರೆ.

ಹಣದ ಮಾತು ಇನ್ನೂ ಉಳಿಯಿತು. ಟಿಕೆಟ್ಟಿನ ಮೇಲೆ ಬೀಳುತ್ತಿದ್ದ ಹಳೆಯ ಮನರಂಜನಾ ತೆರಿಗೆ 2017ರ ಜುಲೈಯಲ್ಲಿ ಜಿ.ಎಸ್.ಟಿ.ಯೊಳಗೆ ಸೇರಿಹೋಯಿತು, ತಲೆಗೆ 500 ರೂಪಾಯಿ ಮೀರದ ನಾಟಕದ ಟಿಕೆಟ್ಟಿಗೆ ಅದರಿಂದ ವಿನಾಯಿತಿ ಉಂಟು. ಆವರಗೆರೆಯ ನಮ್ಮ ತರುಣರಿಗೆ ಇಷ್ಟು ಸಾಕು. ಟಿಕೆಟ್ಟಿನ ಜೊತೆಗೆ ‘ಲಕ್ಕಿ ಡಿಪ್’ ಇಟ್ಟರೆ ಜನ ಹೆಚ್ಚು ಬಂದಾರು ಎಂಬ ಆಸೆಯನ್ನು ಮಾತ್ರ ಬಿಡಬೇಕು: ಅಧಿಕಾರವಿಲ್ಲದೆ ಲಾಟರಿ ನಡೆಸುವುದು ಅಪರಾಧ, ಸದುದ್ದೇಶ ಅದಕ್ಕೆ ಕ್ಷಮೆಯಲ್ಲ. ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವುದೆಂದು ಕರಪತ್ರದಲ್ಲಿ ಅಚ್ಚು ಹಾಕಿಸುವ ಮುನ್ನ ಸಂಸ್ಥೆಗೆ 80-ಜಿ ಮನ್ನಣೆ ಇದೆಯೇ ಎಂದು ನೋಡಿಕೊಳ್ಳಬೇಕು. ಮನ್ನಣೆಯಿದ್ದರೂ 2,000 ರೂಪಾಯಿಗೆ ಮೇಲ್ಪಟ್ಟ ನಗದು ದಾನಕ್ಕೆ ಆ ರಿಯಾಯಿತಿಯಿಲ್ಲ.

ಇನ್ನು ಅರ್ಜಿಯ ವಿಷಯ. ಬಾಯಿಮಾತಿನ ಅನುಮತಿಯನ್ನು ನೆಚ್ಚಬಾರದು. ಠಾಣೆಯ ಅಧಿಕಾರಿ ಎಷ್ಟೇ ಸಜ್ಜನರಾಗಿರಲಿ, ಕಾರ್ಯಕ್ರಮದ ದಿನಕ್ಕೆ ಅವರಿಗೆ ವರ್ಗವಾಗಿರಬಹುದು. ದಿನ, ಹೊತ್ತು, ಸ್ಥಳ, ಬರಬಹುದಾದ ಜನಸಂಖ್ಯೆ, ಸ್ವಯಂಸೇವಕರ ಎಣಿಕೆ, ಮುಖ್ಯಸ್ಥನ ವಿಳಾಸ ಇವನ್ನು ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬರುವುದು ಲೇಸು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಬಹುದು. ಆ ಕಾಗದವಿಲ್ಲದೆ ಮೇಲಿನ ಅಧಿಕಾರಿಯ ಬಳಿಗಾಗಲಿ ನ್ಯಾಯಾಲಯಕ್ಕಾಗಲಿ ಹೋಗುವುದು ಕಷ್ಟ.