ಎಲೆಯಿಲ್ಲದ ಶಿಲೆ, ಶಿಲೆಯಾದ ಎಲೆ

ರಾಮನಗರದ ಬಂಡೆಬೆಟ್ಟಗಳನ್ನು ಕಂಡವರಿಗೆ, ಇಷ್ಟು ಪುರಾತನವಾದ ಕಲ್ಲಿನ ಒಡಲಲ್ಲಿ ಆದಿಕಾಲದ ಗಿಡಮರಗಳ ಗುರುತು ಅಡಗಿರಬಹುದೆಂದು ತೋರುವುದು ಸಹಜ. ಆದರೆ ಎಷ್ಟು ಒಡೆದರೂ ಅಲ್ಲಿ ಒಂದು ಎಲೆಯೂ ದೊರೆಯದು. ಊರಿನ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಈ ಶಿಲೆ ಮಾಗಡಿ, ಕನಕಪುರಗಳ ಕಡೆಗೂ ಹಬ್ಬಿದೆ. ಭೂಗರ್ಭದಲ್ಲಿ ಕರಗಿ ಕುದಿಯುತ್ತಿದ್ದ ದ್ರವ್ಯ ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ತಣಿದು ಹೀಗೆ ಗಟ್ಟಿಯಾಯಿತು. ನೆಲದ ಮೇಲೆ ಸಸ್ಯಗಳು ತಲೆಯೆತ್ತಿದ್ದಾದರೋ ಸುಮಾರು ೪೭ ಕೋಟಿ ವರ್ಷಗಳ ಹಿಂದೆ!

ಸಸ್ಯವು ಶಿಲೆಯಾಗಲು ಬೆಂಕಿಯಲ್ಲ, ಕೆಸರು ಬೇಕು. ಚನ್ನಪಟ್ಟಣದ ಬೊಂಬೆಗಳಿಗೆ ಒದಗುವ ಹಾಲೆಮರ ಬಯಲಲ್ಲಿ ಬಿದ್ದರೆ ಕೊಳೆತು ಮಣ್ಣಾಗುತ್ತದೆ. ಮರವೊಂದು ಹೂಳಿನಲ್ಲಿ ಬೇಗನೆ ಹುದುಗಿ, ನೀರಿನಲ್ಲಿ ಕರಗಿದ ಸಿಲಿಕಾ ಅದರ ನಾರುನಾರಿನಲ್ಲಿ ತುಂಬಿಕೊಂಡರೆ, ಅದು ಕಲ್ಲಾಗಿ ಉಳಿಯುತ್ತದೆ. ತಮಿಳುನಾಡಿನ ತಿರುವಕ್ಕರೆಯ ಇಂಥ ಕಲ್ಲುಮರಗಳನ್ನು ೧೭೮೧ರಲ್ಲಿ ಫ್ರಾನ್ಸಿನ ಸೊನ್ನೆರಾ ಲೋಕದ ಗಮನಕ್ಕೆ ತಂದನು.

೧೮೨೮ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ಬ್ರಾಂಯಾರ್, ಭಾರತ ಮತ್ತು ಆಸ್ಟ್ರೇಲಿಯಗಳಲ್ಲಿ ದೊರೆತ ಒಂದು ಕಲ್ಲೆಲೆಗೆ ‘ಗ್ಲಾಸಾಪ್ಟೆರಿಸ್’ ಎಂದು ಹೆಸರಿಟ್ಟನು. ೧೯೧೨ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುತ್ತ ಹಿಮದಲ್ಲಿ ಮಡಿದ ಸ್ಕಾಟ್ ಮತ್ತು ಅವನ ಸಂಗಡಿಗರು ಕೊನೆಯವರೆಗೂ ಬಿಡದೆ ಎಳೆದು ತಂದಿದ್ದ ಸುಮಾರು ೧೬ ಕಿಲೋಗ್ರಾಂ ಕಲ್ಲುಗಳಲ್ಲಿಯೂ ಅದೇ ಬಗೆಯ ಎಲೆಯಿದ್ದಿತು. ಹಿಮ ಕವಿದ ಆ ನೆಲದಲ್ಲಿ ಒಮ್ಮೆ ಕಾಡು ಬೆಳೆದಿತ್ತೆಂಬುದಕ್ಕೂ, ಅದು ಭಾರತದೊಡನೆ ಒಂದೇ ಭೂಖಂಡವಾಗಿ ಕೂಡಿದ್ದಿತೆಂಬುದಕ್ಕೂ ಆ ಎಲೆಯೇ ಸಾಕ್ಷಿಯಾಯಿತು.

ರಾಮನಗರದ ಬಂಡೆಯ ಮೌನವೂ ಸುಮ್ಮನೆಯಲ್ಲ. ಅದು ಹುಟ್ಟಿದ ದಿನಗಳಲ್ಲಿ ಭೂಮಿಯ ಮೇಲೆ ಉದುರುವುದಕ್ಕೆ ಎಲೆಯೇ ಇರಲಿಲ್ಲ.