ಫಾಳಕಾ ಬೀಳಲು ಜಾಗವಿದೆಯೇ?



ಕಬ್ಬಿನ ಹಂಗಾಮು ಶುರುವಾಯಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಒಂದು ಟ್ರಾಕ್ಟರಿನ ಹಿಂದೆ ಎರಡು ಟ್ರೇಲರ್ ಸಾಗುವುದನ್ನು ನಾವೆಲ್ಲ ನೋಡಿದ್ದೇವೆ. ಕಬ್ಬು ಮುಗಿದ ಮೇಲೂ ಟ್ರೇಲರಿಗೆ ಬಿಡುವಿಲ್ಲ. ತಿಪ್ಪೆಗೊಬ್ಬರ, ಇಟ್ಟಿಗೆ, ಜೋಳದ ಚೀಲ, ಒಂದಲ್ಲ ಒಂದು ಹೇರು ಇದ್ದೇ ಇರುತ್ತದೆ. ಇಂದು ನಾನು ಮಾತಾಡಬೇಕೆಂದಿರುವುದು ಆ ಎರಡು ಟ್ರೇಲರುಗಳ ನಡುವಿನ ಜಾಗದ ಬಗ್ಗೆ. ಮುಂದಿನ ಟ್ರೇಲರಿನ ಹಿಂಬಾಗಿಲು ಕೆಳಗೆ ಬೀಳುವಾಗ ಹಿಂದಿನದಕ್ಕೆ ತಾಗಬಾರದು. ಅದಕ್ಕೆ ಎಷ್ಟು ಜಾಗ ಬೇಕು, ಅದನ್ನು ಅಳೆಯುವುದು ಹೇಗೆ, ಇಷ್ಟೇ ವಿಷಯ.

ಹಿಂಬಾಗಿಲು ಎಂದರೆ ಪುಸ್ತಕದ ಮಾತಾಯಿತು. ಮರಾಠಿಯಿಂದ ಬಂದ ಫಾಳಕಾ ಎಂಬ ಮಾತೇ ಇಲ್ಲಿ ರೂಢಿ. ನಾನೂ ಹಾಗೆಯೇ ಕರೆಯುತ್ತೇನೆ. ಬಂಡಿಗೆ ಮೂಕಿ ಇದ್ದಂತೆ ಟ್ರೇಲರಿಗೆ ಮುಂದೆ ಚಾಚಿದ ಕಬ್ಬಿಣದ ಚೌಕಟ್ಟು ಇರುತ್ತದಲ್ಲ, ಅದು ಡ್ರಾಬಾರ್. ಅದನ್ನು ಮುಂದಿನ ಗಾಡಿಗೆ ಕಚ್ಚಿಸುವುದು ಪಿನ್ನು. ಬಿಚ್ಚಿ ನಿಲ್ಲಿಸಿದಾಗ ಡ್ರಾಬಾರನ್ನು ಎತ್ತಿ ಹಿಡಿಯುವುದು ಜಾಕು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಟ್ರಾಕ್ಟರ್ ಸಾಲದ ಕಾಗದಗಳು ನನ್ನ ಮೇಜಿಗೆ ಬರುತ್ತಿದ್ದವು. ಒಮ್ಮೆ ಸಾಲದ ಟ್ರೇಲರುಗಳನ್ನು ನೋಡಿ ಬರಲು ಸಾಹೇಬರ ಜೊತೆ ಒಂದು ಹಳ್ಳಿಗೆ ಹೋಗಿದ್ದೆ. ಅಲ್ಲಿ ಗೊಬ್ಬರ ಇಳಿಸುತ್ತಿದ್ದರು. ಕೆಲಸದ ಹುಡುಗ ಎರಡನೆಯ ಟ್ರೇಲರಿನ ಡ್ರಾಬಾರಿನ ಮೇಲೆ ನಿಂತು, ಎಡಗೈಯಲ್ಲಿ ಜಾಕಿನ ಹಿಡಿಕೆ ಹಿಡಿದು, ಬಲಗೈಯಿಂದ ಫಾಳಕಾದ ಕೊಂಡಿಯನ್ನು ಸುತ್ತಿಗೆಯಲ್ಲಿ ಹೊಡೆದ. ಒಳಗಿನ ಗೊಬ್ಬರದ ಒತ್ತಡಕ್ಕೆ ಫಾಳಕಾ ಒಮ್ಮೆಲೇ ಬಿದ್ದು ಜಾಕಿನ ತಲೆಗೆ ಬಡಿಯಿತು. ನಡುವೆ ಅವನ ಕೈ ಇತ್ತು. ಎರಡು ಬೆರಳು ಹೋದವು.

ನಮ್ಮ ಫಾರಮ್ಮಿನಲ್ಲಿ ಇಂಜಿನ್ ನಂಬರಿಗೆ, ಚಾಸಿ ನಂಬರಿಗೆ, ವಿಮೆಗೆ, ಜಾಮೀನುದಾರನ ಸಹಿಗೆ ಎಲ್ಲಕ್ಕೂ ಖಾನೆ ಇತ್ತು. ಫಾಳಕಾಗೂ ಜಾಕಿಗೂ ನಡುವೆ ಎಷ್ಟು ಜಾಗ ಎಂದು ಕೇಳುವ ಖಾನೆ ಇರಲಿಲ್ಲ. ಅಂಥ ಫಾರಮ್ಮುಗಳನ್ನು ಎಷ್ಟೋ ವರ್ಷ ತುಂಬಿದವನು ನಾನು. ನನಗೂ ಅದು ಹೊಳೆದಿರಲಿಲ್ಲ.

ಈಗ ಅಳತೆಗೆ ಬರೋಣ. ಫಾಳಕಾ ನೇರವಾಗಿ ಕೆಳಗೆ ಬೀಳುವುದಿಲ್ಲ. ಅದರ ಕೀಲು ತೊಟ್ಟಿಯ ತಳದ ಅಂಚಿನಲ್ಲಿದೆ. ಅಲ್ಲಿಂದ ಅದು ಮೊದಲು ಹಿಂದಕ್ಕೆ ಚಾಚಿ, ಆಮೇಲೆ ಕೆಳಗೆ ಇಳಿಯುತ್ತದೆ. ಫಾಳಕಾದ ಎತ್ತರ 2 ಅಡಿ ಇದ್ದರೆ ಅದರ ಅಂಚು ಕೀಲಿನಿಂದ 2 ಅಡಿ ದೂರದಲ್ಲಿ ಕಮಾನಿನಂತೆ ಸುತ್ತುತ್ತದೆ. ಆ ಕಮಾನಿನ ಒಳಗೆ ಜಾಕು, ಡ್ರಾಬಾರ್, ಸರಪಳಿ ಏನೇ ಇದ್ದರೂ ಪೆಟ್ಟು ಬೀಳುತ್ತದೆ.

ಇದಕ್ಕೆ ಒಂದು ಹಗ್ಗ ಸಾಕು. ಕೀಲಿನಿಂದ ಫಾಳಕಾದ ಮೇಲಂಚಿನವರೆಗೆ ಹಗ್ಗ ಹಿಡಿದು ಅಲ್ಲಿ ಒಂದು ಗಂಟು ಹಾಕಿ. ಗಂಟಿನಿಂದ ಇನ್ನೂ 6 ಅಂಗುಲ ಬಿಟ್ಟು ಎರಡನೆಯ ಗಂಟು ಹಾಕಿ. ಟ್ರಾಕ್ಟರ್ ಬಂದು ಮಾಡಿ, ಗಾಲಿಗಳಿಗೆ ಕಲ್ಲು ಕೊಟ್ಟು, ಎರಡೂ ಟ್ರೇಲರನ್ನು ಸಮನೆಲದಲ್ಲಿ ಜೋಡಿಸಿ ನಿಲ್ಲಿಸಿ. ಫಾಳಕಾ ಮುಚ್ಚಿಯೇ ಇರಲಿ. ಹಗ್ಗದ ತುದಿಯನ್ನು ಕೀಲಿನ ಮಟ್ಟದಲ್ಲಿ ಒಬ್ಬರು ಒತ್ತಿ ಹಿಡಿಯಲಿ. ಇನ್ನೊಬ್ಬರು ಎರಡನೆಯ ಗಂಟನ್ನು ಬಿಗಿಯಾಗಿ ಎಳೆದು, ಹಿಂದಿನಿಂದ ಕೆಳಕ್ಕೆ ಕಮಾನಿನಂತೆ ತಿರುಗಿಸಲಿ. ಹಗ್ಗ ಎಲ್ಲಿಯೂ ತಾಗದಿದ್ದರೆ ಫಾಳಕಾ ಕೂಡ ತಾಗುವುದಿಲ್ಲ, ಮೇಲೆ 6 ಅಂಗುಲ ಉಳಿತಾಯವೂ ಇದೆ.

ಲೆಕ್ಕದಲ್ಲಿಯೂ ನೋಡಬಹುದು. ಜಾಕಿನ ತಲೆ ಕೀಲಿನಿಂದ ಹಿಂದಕ್ಕೆ 12 ಅಂಗುಲ, ಕೆಳಕ್ಕೆ 16 ಅಂಗುಲ ಇದೆ ಎಂದುಕೊಳ್ಳಿ. ಓರೆಯಾಗಿ ಅಳೆದರೆ 20 ಅಂಗುಲ ಬರುತ್ತದೆ. ಫಾಳಕಾ 24 ಅಂಗುಲದ್ದು. ಅಂದರೆ ಪೆಟ್ಟು ಖಂಡಿತ. ಅದೇ ಜಾಕನ್ನು ಸ್ವಲ್ಪ ಹಿಂದೆ ಸರಿಸಿ, ತಲೆಯನ್ನು ತಗ್ಗಿಸಿ, ಹಿಂದಕ್ಕೆ 18, ಕೆಳಕ್ಕೆ 24 ಅಂಗುಲ ಮಾಡಿದರೆ ಓರೆ ಅಳತೆ 30 ಅಂಗುಲವಾಗುತ್ತದೆ. ಈಗ 6 ಅಂಗುಲ ಉಳಿಯಿತು. ಅಡ್ಡ ಅಳತೆಯೊಂದನ್ನೇ ನೋಡಿ, 12 ಅಂಗುಲಕ್ಕೆ ಬದಲು 18 ಇದೆ, ಫಾಳಕಾ 24, ಇನ್ನೂ ತಾಗುತ್ತದೆ ಎಂದು ಹೆದರಬೇಕಿಲ್ಲ. ಓರೆ ಅಳತೆಯೇ ಮುಖ್ಯ.

ಜಾಕು ತಪ್ಪಿದರೂ ಡ್ರಾಬಾರ್ ಅಡ್ಡ ಬರಬಹುದು. ತೊಟ್ಟಿಯ ತಳ ನೆಲದಿಂದ 44 ಅಂಗುಲ, ಫಾಳಕಾ 24 ಅಂಗುಲ ಇದ್ದರೆ ತೂಗಿಬಿದ್ದ ಅಂಚು ನೆಲದಿಂದ 20 ಅಂಗುಲದಲ್ಲಿರುತ್ತದೆ. ಡ್ರಾಬಾರಿನ ಮೇಲ್ಭಾಗ 22 ಅಂಗುಲದಲ್ಲಿದ್ದರೆ ಫಾಳಕಾ ಅದರ ಮೇಲೆ ಒರಗಿ ನಿಲ್ಲುತ್ತದೆ. ಹಾಗೆಯೇ ಗಾಡಿ ತಿರುಗಿಸಿದರೆ ಕೀಲು ಬಾಗುತ್ತದೆ, ಬೆಸುಗೆ ಬಿಡುತ್ತದೆ. ಇಂಥಲ್ಲಿ ಫಾಳಕಾದ ಎರಡೂ ಬದಿಗೆ ಗಟ್ಟಿ ಸರಪಳಿ ಹಾಕಿ, ಅದು ಅಡ್ಡಕ್ಕೆ ಮಲಗುವಷ್ಟೇ ಇಳಿಯುವಂತೆ ಮಾಡಬೇಕು.

ಇಲ್ಲಿಯವರೆಗೆ ಹೇಳಿದ್ದು ನಿಂತ ಗಾಡಿಯ ಮಾತು. ತಿರುವಿನಲ್ಲಿ ಲೆಕ್ಕ ಬೇರೆ. ಟ್ರೇಲರಿನ ಅಗಲ 6 ಅಡಿ ಇದ್ದರೆ ಅದರ ಹಿಂದಿನ ಮೂಲೆ ಪಿನ್ನಿನಿಂದ ಪಕ್ಕಕ್ಕೆ 3 ಅಡಿ ದೂರವಿರುತ್ತದೆ. ಗಾಡಿಗಳು ಬಡಿಗರ ಕಾಟಕೋನದ ಹಾಗೆ ಅಡ್ಡ ತಿರುಗಿದಾಗ ಆ 3 ಅಡಿ ಎರಡನೆಯ ಟ್ರೇಲರಿನ ಮುಖದ ಕಡೆಗೆ ಬರುತ್ತದೆ. ಆದ್ದರಿಂದ ಪಿನ್ನಿನಿಂದ ಎರಡನೆಯ ತೊಟ್ಟಿಯ ಮುಖದವರೆಗೆ ಅಗಲದ ಅರ್ಧಕ್ಕಿಂತ ಹೆಚ್ಚು ಇರಲೇಬೇಕು. 3 ಅಡಿಯ ಮೇಲೆ ಇನ್ನೊಂದು ಅಡಿ ಇದ್ದರೆ ನೆಮ್ಮದಿ. ಕಬ್ಬು ಹಿಂದಕ್ಕೆ ಚಾಚಿದ್ದರೆ ಆ ಚಾಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಫಾಳಕಾ ತೆರೆದಿಟ್ಟು ಮಾತ್ರ ಒಂದು ಮಾರು ದೂರವೂ ಗಾಡಿ ಸರಿಸಬೇಡಿ.

ಹಳ್ಳ ದಾಟುವಾಗಲೂ ಎಚ್ಚರ ಬೇಕು. ಮುಂದಿನ ಟ್ರೇಲರ್ ದಡ ಹತ್ತುತ್ತಿರುವಾಗ ಹಿಂದಿನದು ಇನ್ನೂ ದಡ ಇಳಿಯುತ್ತಿರುತ್ತದೆ. ಆಗ ಎರಡರ ಮೇಲ್ಭಾಗಗಳು ಒಂದರ ಕಡೆಗೆ ಒಂದು ವಾಲುತ್ತವೆ. ಸಮನೆಲದಲ್ಲಿ ಸಾಕೆನಿಸಿದ ಜಾಗ ಇಲ್ಲಿ ಸಾಲದೆ ಹೋಗಬಹುದು. ಹೇರು ಎತ್ತರವಾದಷ್ಟೂ ಈ ತೊಂದರೆ ಹೆಚ್ಚು.

ಜಾಗ ಸಾಲದಿದ್ದರೆ ಏನು ಮಾಡಬೇಕು? ಮೊದಲನೆಯದಾಗಿ ಜಾಕನ್ನು ಡ್ರಾಬಾರಿನ ಪಕ್ಕಕ್ಕೆ ಹಾಕಿಸಿ, ಮಡಚುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಖರ್ಚು ಕಡಿಮೆ. ಎರಡನೆಯದಾಗಿ ಸರಪಳಿಯ ಉಪಾಯ. ಮೂರನೆಯದು ಡ್ರಾಬಾರನ್ನು ಉದ್ದ ಮಾಡಿಸುವುದು. ತುಂಡು ಕಬ್ಬಿಣ ತಂದು ತುದಿಗೆ ತುದಿ ಬೆಸೆದರೆ ಹೇರಿನ ಜಗ್ಗಿಗೆ ಅಲ್ಲಿಯೇ ಮುರಿಯುತ್ತದೆ. ಟ್ರೇಲರ್ ಕಟ್ಟುವ ಕಾರಖಾನೆಯಲ್ಲಿ ಪೂರ್ತಿ ಹೊಸ ಡ್ರಾಬಾರನ್ನೇ ಮಾಡಿಸಬೇಕು. ಉದ್ದ ಹೆಚ್ಚಿದರೆ ತಿರುವಿನಲ್ಲಿ ಹಿಂದಿನ ಗಾಲಿ ಒಳಮಗ್ಗುಲಿಗೆ ಹೆಚ್ಚು ಸರಿಯುತ್ತದೆ ಎಂಬುದೂ ನೆನಪಿರಲಿ. ಕೆಲವರು ಫಾಳಕಾವನ್ನು ಮನೆಯ ಕದದಂತೆ ಎರಡು ಪಾಲು ಮಾಡಿಸುತ್ತಾರೆ. 6 ಅಡಿ ಅಗಲಕ್ಕೆ ಒಂದೊಂದು ಕದ 3 ಅಡಿ. ಅದು ಜಾಕಿನ ತಲೆಯ ಮೇಲಿಂದ ಹಾಯುತ್ತದೆ, ನಿಜ. ಆದರೆ ತೆರೆಯಲು ಹಿಂದೆ 3 ಅಡಿ ಬೇಕು. ಅಷ್ಟು ಇಲ್ಲದಿದ್ದರೆ ಆ ಖರ್ಚು ವ್ಯರ್ಥ.

ಇದು ನಮ್ಮ ಹಳ್ಳಿಯ ತೊಂದರೆ ಮಾತ್ರವಲ್ಲ. ಅಮೆರಿಕದಲ್ಲಿ ಪಿಕಪ್ ಗಾಡಿಯ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಪ್ರವಾಸ ಹೋಗುವವರಿದ್ದಾರೆ. ಅವರಿಗೂ ಇದೇ ಕಾಟ. ಹಿಂಬಾಗಿಲು ಇಳಿಸಿದರೆ ಜಾಕಿನ ತಲೆಗೆ ಬಡಿದು ತಗ್ಗು ಬೀಳುತ್ತದೆ. ಅವರೂ ಜೋಡಿಸುವ ಮುನ್ನ ಅಳೆಯುತ್ತಾರೆ, ಇಲ್ಲವೇ ಬಿಚ್ಚುವವರೆಗೆ ಬಾಗಿಲು ಮುಟ್ಟುವುದಿಲ್ಲ.

ಕಾನೂನಿನ ಮಾತೂ ಒಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 61ನೆಯ ಕಲಮಿನ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು, ಎಳೆಯುವ ವಾಹನದ ನಂಬರು ಕೊನೆಯ ಟ್ರೇಲರಿನ ಮೇಲೆ ಕಾಣಬೇಕು. ಕೊನೆಯ ಫಾಳಕಾ ತೂಗಾಡುತ್ತಿದ್ದರೆ ನಂಬರೂ ಮುಚ್ಚಿಹೋಗುತ್ತದೆ, ರಾತ್ರಿ ಹಿಂದಿನಿಂದ ಬರುವವನಿಗೆ ಕೆಂಪು ಹೊಳಪಿನ ಪಟ್ಟಿಯೂ ಕಾಣುವುದಿಲ್ಲ.

ಕೊನೆಗೆ ನಾಲ್ಕು ಮಾತು. ಟ್ರಾಕ್ಟರ್ ಹಿಂದಕ್ಕೆ ಬರುವಾಗ ಎರಡರ ನಡುವೆ ಯಾರೂ ನಿಲ್ಲಬಾರದು. ಪಿನ್ನಿನ ಬದಲು ಸಳಿ, ಬೋಲ್ಟು ತುರುಕಬಾರದು. ಸರಿಯಾದ ಪಿನ್ನಿಗೆ ಕ್ಲಿಪ್ಪು ಹಾಕಬೇಕು. ಎರಡು ಗಾಲಿಯ ಟ್ರೇಲರನ್ನು ಬಿಚ್ಚಿ ನಿಲ್ಲಿಸಿದ್ದರೆ ಮುಂದಿನ ಹೇರನ್ನು ಮೊದಲು ಇಳಿಸಬಾರದು. ಹಿಂದೆ ಭಾರವಾಗಿ ಡ್ರಾಬಾರ್ ಮೇಲಕ್ಕೆ ಹಾರುತ್ತದೆ. ಫಾಳಕಾದ ಕೊಂಡಿ ತೆಗೆಯುವವರು ಯಾವಾಗಲೂ ಪಕ್ಕದಲ್ಲಿ, ನೆಲದ ಮೇಲೆ ನಿಲ್ಲಬೇಕು.

ಗಾಡಿ ನಿಮ್ಮದಾದರೂ ಕೊಂಡಿ ತೆಗೆಯುವ ಕೈ ಬಹಳ ಸಲ ಕೂಲಿಯವನದು. ನಾಳೆ ಬೆಳಿಗ್ಗೆ ಎರಡನೆಯ ಟ್ರೇಲರ್ ಜೋಡಿಸಿದಾಗ ಎರಡು ಗಂಟಿನ ಆ ಹಗ್ಗವನ್ನು ಒಮ್ಮೆ ಹಿಡಿದು ನೋಡಿ. ಐದು ನಿಮಿಷದ ಕೆಲಸ.