ಬೊರಿವಲಿಯಿಂದ ಹೊರಡುವ ಗಾಡಿ

ಚರ್ಚ್‌ಗೇಟ್ ಲೋಕಲ್ ತಮ್ಮೂರಿಂದಲೇ ಹೊರಡುತ್ತದೆ, ಕೂರಲು ಸೀಟು ಸಿಗುತ್ತದೆ ಎಂಬುದು ಬೊರಿವಲಿಯವರ ಹಳೆಯ ಹೆಮ್ಮೆ. ಕೀಮೋಗೆ ಹೊರಟವರಿಗೆ ಆ ಸೀಟಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತು. ಅಂಗವಿಕಲರಿಗೂ ಕ್ಯಾನ್ಸರ್ ರೋಗಿಗಳಿಗೂ ಲೋಕಲ್‌ನಲ್ಲಿ ಪುಟ್ಟ ಡಬ್ಬಿಯೊಂದು ಮೀಸಲಿದೆ. ಬೆಳಿಗ್ಗೆ ಅದರ ಬಾಗಿಲಿಗೆ ಜೋತುಬಿದ್ದವರೆಲ್ಲ ರೋಗಿಗಳೆಂದು ನಂಬಬೇಕಾದರೆ ನೀವು ಮುಂಬೈಗೆ ಹೊಸಬರಾಗಿರಬೇಕು!

ದಾದರಿನಲ್ಲೋ ಪ್ರಭಾದೇವಿಯಲ್ಲೋ ಇಳಿದರೆ ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಹತ್ತಿರ. 1941ರಲ್ಲಿ ಶುರುವಾಗಿ, 1962ರಿಂದ ಅಣುಶಕ್ತಿ ಇಲಾಖೆಯ ಕೈಯಲ್ಲಿರುವ ಆಸ್ಪತ್ರೆ ಅದು. ಬಡವರಿಗೆ ಅಲ್ಲಿ ಬಿಲ್ಲಿನಲ್ಲಿ ರಿಯಾಯಿತಿ ಉಂಟು. ಆಯುಷ್ಮಾನ್ ಕಾರ್ಡಿದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸರೆ. ಆದರೆ ಹೊರಗಿನ ಫುಟ್‌ಪಾತಿನಲ್ಲಿ ಗಂಟುಮೂಟೆ ಇಟ್ಟು ಕೂತವರ ಲೆಕ್ಕವೇ ಬೇರೆ: ಖೋಲಿ ಬಾಡಿಗೆ, ಎರಡು ಹೊತ್ತಿನ ಊಟ, ತಪ್ಪಿದ ಕೂಲಿ. ಇವಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ಬೊರಿವಲಿ ಪೂರ್ವದಲ್ಲೇ ಮಹಾನಗರ ಪಾಲಿಕೆಯ ಒಂದು ಮಕ್ಕಳ ಕೇಂದ್ರವಿದೆ. ಥಲಸ್ಸೀಮಿಯಾ, ರಕ್ತದ ಕ್ಯಾನ್ಸರ್, ಅಸ್ಥಿಮಜ್ಜೆ ಕಸಿ ಅಲ್ಲಿಯ ಕೆಲಸ. ನ್ಯಾಷನಲ್ ಪಾರ್ಕಿಗೆ ಪಿಕ್‌ನಿಕ್ ಬರುವವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಬಹುಪಾಲು ಗುಣವಾಗುವಂಥದ್ದು. ಆದರೆ ಔಷಧಿ ಎರಡು–ಮೂರು ವರ್ಷ ನಡೆಯಬೇಕು. ಅಷ್ಟು ದಿನ ತಂದೆ–ತಾಯಿಯಲ್ಲಿ ಒಬ್ಬರ ದುಡಿಮೆ ನಿಂತಂತೆಯೇ, ಸಾಮಾನ್ಯವಾಗಿ ತಾಯಿಯದು. ಉಳಿದ ಮಕ್ಕಳು ಊರಲ್ಲಿ ಅಜ್ಜಿಯ ಪಾಲು.

ಕಸಿಗೆ ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿತು ಅಂತಿಟ್ಟುಕೊಳ್ಳಿ, ಕಸಿಯೂ ಆಯಿತು. ಆಮೇಲೆ ನೂರು ದಿನದಷ್ಟು ಆಸ್ಪತ್ರೆಯ ಆಸುಪಾಸಿನಲ್ಲೇ ಇರಬೇಕು. ಸೋಂಕು ತಗಲಬಾರದು, ಶುಚಿಯಾದ ಖೋಲಿ, ಕುದಿಸಿದ ನೀರು, ಬೇರೆಯದೇ ಶೌಚಾಲಯ ಬೇಕು. ಹತ್ತು ಮನೆಗೊಂದು ಸಂಡಾಸಿರುವ ಚಾಳಿನಿಂದ ಬಂದವರಿಗೆ ಇದನ್ನು ಹೇಳುವುದು ಸುಲಭವೇ? ಕ್ಯಾನ್ಸರ್ ಮಕ್ಕಳ ಕುಟುಂಬಗಳಿಗೆ ಬಿಟ್ಟಿ ವಸತಿ ಕೊಡುವ ಸೇಂಟ್ ಜೂಡ್ ಸಂಸ್ಥೆ 2006ರಲ್ಲಿ ಮುಂಬೈಯಲ್ಲೇ ಹುಟ್ಟಿದ್ದರ ಹಿನ್ನೆಲೆ ಈ ನೆಲೆಯಿಲ್ಲದ ಪಾಡು.

ಸಂಜೆ ದಾದರಿನಲ್ಲಿ ಫೈಲು ಬಗಲಿಗಿಟ್ಟುಕೊಂಡು ನಿಂತವರು ವಿರಾರ್ ಗಾಡಿ ಬಂದರೂ ಹತ್ತುವುದಿಲ್ಲ. ಹತ್ತಿದರೆ ಆ ನೂಕುನುಗ್ಗಲಿನಲ್ಲಿ ನಡುವೆ ಬೊರಿವಲಿಯಲ್ಲಿ ಇಳಿಯುವುದು ಗಟ್ಟಿಮುಟ್ಟಾದವರಿಗೂ ಕಷ್ಟ. ಒಂದು ಬಿಟ್ಟು, ಇನ್ನೊಂದನ್ನೂ ಬಿಟ್ಟು, ಬೊರಿವಲಿ ಗಾಡಿಗೇ ಕಾಯುತ್ತಾರೆ.